ಆ್ಯಪ್ ಇದ್ದರೆ ಸಾಂಕ್ರಾಮಿಕ ರೋಗ ನಿಲ್ಲುತ್ತಾ?

ಸರ್ಕಾರದ ಹತ್ತಿರ ಈಗ ಇಷ್ಟೆಲ್ಲ ಆ್ಯಪ್, ಕಂಪ್ಯೂಟರ್ ಇರುವಾಗ ಸಾಂಕ್ರಾಮಿಕ ರೋಗವನ್ನು ಶುರುವಿನಲ್ಲೇ ಯಾಕೆ ತಡೆಯೋಕೆ ಆಗಲ್ಲ ಅಂತ ಕೇಳಿದ್ದೀರಿ. ನಾನು ಸಾಗರ ತಾಲೂಕಿನ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿ. ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಜ್ವರದ ಲೆಕ್ಕ ವಾರಕ್ಕೊಮ್ಮೆ ಹೋಗುತ್ತಿತ್ತು. 2004ರಲ್ಲಿ ಶುರುವಾದ ಐಡಿಎಸ್‌ಪಿ, ಅಂದರೆ ದೇಶದ ರೋಗ ಕಣ್ಗಾವಲು ಯೋಜನೆಯ ಪದ್ಧತಿ ಅದು. 2018ರ ನವೆಂಬರ್‌ನಲ್ಲಿ ಏಳು ರಾಜ್ಯಗಳಲ್ಲಿ ಐಎಚ್‌ಐಪಿ ಅನ್ನೋ ಆನ್‌ಲೈನ್ ವ್ಯವಸ್ಥೆ ಬಂತು, ಅದರಲ್ಲಿ ಕರ್ನಾಟಕವೂ ಇತ್ತು. ಈಗ ಲಕ್ಷಣ ನೋಡಿ ನಾವು ಎಸ್ ಫಾರ್ಮ್, ಇಂಥ ರೋಗ ಇರಬಹುದು ಅಂತ ಡಾಕ್ಟರು ಪಿ ಫಾರ್ಮ್, ಪರೀಕ್ಷೆಯ ಫಲಿತಾಂಶಕ್ಕೆ ಲ್ಯಾಬಿನವರು ಎಲ್ ಫಾರ್ಮ್ ಅಂತ ದಿನಾ ತುಂಬುತ್ತೇವೆ. ಯಾವ ಊರಲ್ಲಿ ಜ್ವರ ಜಾಸ್ತಿ ಆಗ್ತಿದೆ ಅಂತ ಜಿಲ್ಲೆಯವರಿಗೆ ಬೇಗ ಗೊತ್ತಾಗುತ್ತೆ. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ನಮ್ಮ ಕಡೆ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಎಷ್ಟೋ ಸಂಜೆ ಟ್ಯಾಬ್ ಹಿಡಿದು ಅಲ್ಲಿ ನಿಂತಿದ್ದೇನೆ.

ನಮಗೆ ಭಯ ಇರೋದು ಮಂಗನ ಕಾಯಿಲೆಯದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ರೋಗ. 2019ರಲ್ಲಿ ನಮ್ಮ ತಾಲೂಕಿನ ಅರಳಗೋಡಿನ ಕಡೆ ಎಷ್ಟು ಜೀವ ಹೋಯಿತು ಅಂತ ಇಲ್ಲಿ ಯಾರೂ ಮರೆತಿಲ್ಲ. ಮಂಗ ಸತ್ತರೆ ಅದರ ಮೈಮೇಲಿನ ಉಣುಗು (ರಕ್ತ ಹೀರುವ ಉಣ್ಣೆ ಹುಳ) ಇಳಿದು ಸುತ್ತಲ ತರಗೆಲೆಗೆ ಹರಡುತ್ತೆ. ಅದೇ ತರಗೆಲೆ ತರೋಕೆ ಜನ ಹೋಗ್ತಾರೆ, ಉಣುಗು ಕಚ್ಚುತ್ತೆ. ಅಂದರೆ ಮನುಷ್ಯರಿಗೆ ಜ್ವರ ಬರೋ ಮೊದಲೇ ಕಾಡು ಸುದ್ದಿ ಕೊಟ್ಟಿರುತ್ತೆ. ಜ್ವರದ ಫಾರ್ಮ್ ಕಾಯುತ್ತಾ ಕೂತರೆ ತಡವಾಯಿತು ಅಂತಲೇ ಅರ್ಥ.

ಒಮ್ಮೆ ಮನೆ ಭೇಟಿಗೆ ಹೋದಾಗ ಒಬ್ಬ ಅಜ್ಜಿ, "ತೋಟದ ಮೇಲ್ಗಡೆ ಮಂಗ ಸತ್ತು ನಾಲ್ಕು ದಿನ ಆತಲೇ, ಯಾರಿಗೆ ಹೇಳೋದು ಅಂತ ಸುಮ್ನಿದ್ದೆ" ಅಂದರು. ನಾನು ತಕ್ಷಣ ಫೋನ್ ಮಾಡಿದೆ. ಒಂದು ಇಲಾಖೆ ಇನ್ನೊಂದರ ನಂಬರ್ ಕೊಟ್ಟಿತು, ಅವರು ಮೂರನೆಯವರ ನಂಬರ್ ಕೊಟ್ಟರು. ಉಣುಗು ಸಾಯಿಸೋ ಪೌಡರ್ ಸಿಂಪಡಿಸಿದ್ದು ಮಾರನೇ ದಿನ ಮಧ್ಯಾಹ್ನ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

ಕಾಡು ಅರಣ್ಯ ಇಲಾಖೆಯದ್ದು, ಸತ್ತ ಮಂಗನ ಪರೀಕ್ಷೆ ಪಶು ಇಲಾಖೆಯದ್ದು, ಜನರ ಆರೋಗ್ಯ ನಮ್ಮ ಇಲಾಖೆಯದ್ದು. ಸುದ್ದಿ ಒಂದೇ ಸಲಕ್ಕೆ ಮೂವರಿಗೂ ಹೋಗಬೇಕು, ಇಷ್ಟು ಗಂಟೆಯೊಳಗೆ ಇಂಥವರೇ ಸ್ಥಳಕ್ಕೆ ಬರಬೇಕು ಅಂತ ಆದೇಶ ಇರಬೇಕು. ಅದನ್ನು ಯಾವ ಆ್ಯಪ್ಪೂ ತಾನಾಗಿ ಮಾಡಲ್ಲ, ಸರ್ಕಾರವೇ ಬರೆದು ಕೊಡಬೇಕು. ಹಳೆಯ ಲಸಿಕೆಯೂ ಈಗ ನಿಂತಿದೆ. ಜನರ ಕೈಯಲ್ಲಿ ಉಳಿದಿರೋದು ಉಣುಗು ಹತ್ತದಂತೆ ಮೈಗೆ ಹಚ್ಚೋ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಎಚ್ಚರ.

ನೀವು ಮಲೆನಾಡಿನವರಾದರೆ ಒಂದು ಮಾತು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ದೂರದಿಂದಲೇ ಜಾಗದ ಗುರುತು ನೋಡಿಕೊಂಡು, ಅವತ್ತೇ ನಿಮ್ಮೂರಿನ ಆಶಾ ಅಕ್ಕನಿಗೆ ಫೋನ್ ಮಾಡಿ.