ಅಣುಬಾಂಬ್ ಇದ್ದೂ ಕಾರ್ಗಿಲ್ ಯುದ್ಧ ಯಾಕಾಯ್ತು? ಹಾಗಾದ್ರೆ ಬಾಂಬ್‌ನಿಂದ ನಮಗೆ ರಕ್ಷಣೆ ಏನು?

ಸಾಗರದ ಕಡೆ ತೋಟದ ಬೇಲಿ ಜಗಳ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಎರಡೂ ಮನೆಯಲ್ಲಿ ಕೋವಿ ಇದ್ದರೆ ಬೇಲಿ ಸರಿಸೋದು ನಿಲ್ಲಲ್ಲ. ಆದರೆ ಯಾರೂ ಇನ್ನೊಬ್ಬರ ಅಂಗಳಕ್ಕೆ ನುಗ್ಗಲ್ಲ. 1999ರಲ್ಲಿ ಆಗಿದ್ದೂ ಅದೇ. ಪಾಕಿಸ್ತಾನ ಗುಡ್ಡಗಳನ್ನು ಕದ್ದು ಹಿಡಿಯಿತು, ನಾವು ಹೋರಾಡಿ ವಾಪಸ್ ಪಡೆದೆವು. ಆದರೆ ನಮ್ಮ ವಾಯುಪಡೆಗೆ ನಿಯಂತ್ರಣ ರೇಖೆ ದಾಟಬಾರದೆಂಬ ಕಟ್ಟಪ್ಪಣೆ ಇತ್ತು. ಯುದ್ಧ ಅಲ್ಲೇ ಉಳಿಯಿತು.

ಚೀನಾ ಅಣುಪರೀಕ್ಷೆ ಮಾಡಿದ್ದು 1964ರಲ್ಲಿ, ನಾವು 1974 ಮತ್ತು 1998ರಲ್ಲಿ, ಪಾಕಿಸ್ತಾನವೂ 1998ರಲ್ಲೇ. ಅಂದರೆ ಕಾರ್ಗಿಲ್ ಹೊತ್ತಿಗೆ ಮೂರೂ ದೇಶಗಳ ಕೈಯಲ್ಲಿ ಬಾಂಬ್ ಇತ್ತು.

ನಿಜವಾದ ರಕ್ಷಣೆ ಬಾಂಬ್‌ಗಳ ಲೆಕ್ಕದಲ್ಲಿಲ್ಲ. ಮೊದಲ ಪೆಟ್ಟು ತಿಂದ ಮೇಲೂ ತಿರುಗಿ ಹೊಡೆಯುವ ತಾಕತ್ತು ಉಳಿಯಬೇಕು, ಅದು ಎದುರಾಳಿಗೂ ಗೊತ್ತಿರಬೇಕು. ನಾವೇ ಮೊದಲು ಬಳಸಲ್ಲ ಅಂತ 2003ರಲ್ಲಿ ಅಧಿಕೃತವಾಗಿ ಸಾರಿರುವ ಭಾರತಕ್ಕಂತೂ ಇದೇ ಜೀವಾಳ. ನೆಲದ ಮೇಲಿನ ಕ್ಷಿಪಣಿ ನೆಲೆಯನ್ನು ಉಪಗ್ರಹ ಹುಡುಕಬಹುದು. ಕಡಲಾಳದಲ್ಲಿರುವ ನಮ್ಮ ಅರಿಹಂತ್ ಜಲಾಂತರ್ಗಾಮಿಯನ್ನು ಹುಡುಕೋದು ಬಹಳ ಕಷ್ಟ. ಆದರೆ ಅದರ ಕೆ-15 ಕ್ಷಿಪಣಿ ಹಾರುವುದು ಸುಮಾರು 750 ಕಿ.ಮೀ. ಬಂಗಾಳ ಕೊಲ್ಲಿಯಿಂದ ಬೀಜಿಂಗ್‌ಗೆ ಅದು ಏನೇನೂ ಸಾಲದು. ಅದಕ್ಕೇ ಸುಮಾರು 3,500 ಕಿ.ಮೀ. ಹಾರುವ ಕೆ-4 ಇಷ್ಟು ಮುಖ್ಯ.

ನನಗೆ ಹೆಚ್ಚು ಭಯ ಇರುವುದು ಅಣುಬಾಂಬ್ ಹೊರಬಲ್ಲ ಪಾಕಿಸ್ತಾನದ ನಸ್ರ್ ಕ್ಷಿಪಣಿ ಬಗ್ಗೆ. ಬರೀ 60-70 ಕಿ.ಮೀ. ವ್ಯಾಪ್ತಿಯದು, ಮುನ್ನುಗ್ಗುವ ನಮ್ಮ ಸೇನೆಯ ಮೇಲೆ ಬಳಸಲೆಂದೇ ಮಾಡಿದ್ದು. ಇಂಥದ್ದನ್ನು ಗಡಿಯ ಹತ್ತಿರವೇ ತಂದಿಡಬೇಕು. ಯುದ್ಧದ ಗಲಿಬಿಲಿಯಲ್ಲಿ ಅಲ್ಲಿನ ಒಬ್ಬ ಅಧಿಕಾರಿಯ ದುಡುಕು ನಿರ್ಧಾರವೂ ಅಣುಯುದ್ಧಕ್ಕೆ ದಾರಿ ಮಾಡಬಹುದು.