ಗೋಮಾಳ ಹಂಚಿದರೆ ಬಡವರಿಗೆ ಲಾಭವೇ?

ಪ್ರಶ್ನೆ: ನನ್ನ ಮಗಳು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿದ್ದಾಳೆ. ಅವಳನ್ನು ನೋಡಲು ಹೋದಾಗ ಚೆವಿಯಟ್ ಎಂಬ ಊರಿನ ಮೇಲೆ ಹಾದುಹೋದೆವು. ಸುತ್ತಲಿನ ಜಮೀನೆಲ್ಲ ಹಿಂದೆ ಒಬ್ಬನದೇ ಕುರಿ ಹುಲ್ಲುಗಾವಲಾಗಿತ್ತಂತೆ. ಸರ್ಕಾರ ಅದನ್ನು ಕೊಂಡು ಸಣ್ಣ ರೈತರಿಗೆ ಹಂಚಿತಂತೆ. ಮಾಗಡಿ ಹತ್ತಿರದ ನಮ್ಮೂರಿನಲ್ಲೂ ಗೋಮಾಳ ಇದೆ, ತುಂಡು ಭೂಮಿಯೂ ಇಲ್ಲದ ಮನೆಗಳಿವೆ. ಅಲ್ಲಿ ಆಗಿದ್ದು ಇಲ್ಲಿ ಏಕೆ ಆಗಬಾರದು?
- ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಜಮೀನಿಲ್ಲದವರ ಬಗ್ಗೆ ನೀವು ಯೋಚಿಸಿದ್ದು ನನಗೆ ತುಂಬಾ ಹಿಡಿಸಿತು. ಆದರೆ ಚೆವಿಯಟ್‌ನ ಹುಲ್ಲುಗಾವಲು ಬೇರೆ, ನಿಮ್ಮೂರಿನ ಗೋಮಾಳ ಬೇರೆ. ಮೊದಲು ಅಲ್ಲಿನ ಕಥೆ ಕೇಳಿ.

ವಿಲಿಯಂ ರಾಬಿನ್ಸನ್ ಎಂಬ ಸಾಹುಕಾರನ ಕೈಯಲ್ಲಿ ಅಲ್ಲಿ ಸುಮಾರು 84,000 ಎಕರೆ ಇತ್ತು. ಕೈಯಲ್ಲೇ ದುಡ್ಡು ಎಣಿಸಿ ಜಮೀನು ಕೊಳ್ಳುತ್ತಿದ್ದನಂತೆ. ಅದಕ್ಕೇ ಜನ ಅವನಿಗೆ 'ರೆಡಿ ಮನಿ' ಅಂತ ಹೆಸರಿಟ್ಟಿದ್ದರು. ಅವನು 1889ರಲ್ಲಿ ತೀರಿಕೊಂಡ. 1891ರಲ್ಲಿ ಲಿಬರಲ್ ಸರ್ಕಾರ ಭೂ ತೆರಿಗೆ ತಂದಿತು. ತೆರಿಗೆಗಾಗಿ ಸರ್ಕಾರ ಜಮೀನಿಗೆ ಕಟ್ಟಿದ ಬೆಲೆ ಜಾಸ್ತಿಯಾಯಿತು ಎಂದು ಎಸ್ಟೇಟಿನವರು ತಕರಾರು ತೆಗೆದರು. ಹಾಗಾದರೆ ನೀವು ಹೇಳುವ ಬೆಲೆಗೇ ನಮಗೆ ಕೊಡಿ ಎಂದು ಸರ್ಕಾರ 1893ರಲ್ಲಿ ಸುಮಾರು 2,60,000 ಪೌಂಡಿಗೆ ಇಡೀ ಎಸ್ಟೇಟನ್ನೇ ಕೊಂಡುಬಿಟ್ಟಿತು. ಇದರ ಹಿಂದೆ ಇದ್ದವರು ಭೂ ಮಂತ್ರಿ ಜಾನ್ ಮೆಕೆಂಜಿ. ಸ್ಕಾಟ್ಲೆಂಡಿನಲ್ಲಿ ಕುರಿ ಸಾಕಣೆಗಾಗಿ ಬಡ ರೈತರನ್ನು ಮನೆ ಬಿಡಿಸಿ ಓಡಿಸಿದ ಸೀಮೆಯಲ್ಲಿ ಹುಟ್ಟಿದವರು. ಆ ನೋವು ಅವರು ಕೊನೆವರೆಗೂ ಮರೆಯಲಿಲ್ಲ. ಮಾಲೀಕ ಒಪ್ಪದಿದ್ದರೂ ದೊಡ್ಡ ಎಸ್ಟೇಟನ್ನು ಪರಿಹಾರ ಕೊಟ್ಟು ಪಡೆಯಬಹುದು ಎಂಬ ಕಾನೂನು 1894ರಲ್ಲಿ ಬಂತು.

ಅಲ್ಲಿ ಹಂಚಿಕೆ ನಿಂತದ್ದು ಬರೀ ಕಾಗದದ ಬಲದಿಂದಲ್ಲ. 1894ರಲ್ಲೇ ಸಣ್ಣ ರೈತರಿಗೆ ಸರ್ಕಾರಿ ಸಾಲದ ಕಾನೂನೂ ಬಂತು, ಬಡ್ಡಿ ಕಡಿಮೆ. ಅದಕ್ಕಿಂತ ದೊಡ್ಡದು ತಣ್ಣನೆ ಹಡಗು. 1882ರಲ್ಲಿ ಡುನೆಡಿನ್ ಎಂಬ ಹಡಗು ಮಂಜುಗಟ್ಟಿಸಿದ ಮಾಂಸವನ್ನು ಲಂಡನ್‌ಗೆ ಕೆಡದಂತೆ ಮುಟ್ಟಿಸಿತ್ತು. ಬರೀ ಉಣ್ಣೆ ಮಾರಿ ಬದುಕಲು ಸಾವಿರಾರು ಕುರಿ ಬೇಕು. ಬೆಣ್ಣೆ, ಮಾಂಸ ಮಾರಲು ದಾರಿಯಾದ ಮೇಲೆ ಸಣ್ಣ ಜಮೀನಿನಲ್ಲೂ ಸಂಸಾರ ಸಾಗಿತು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ನೆಲ ರಾಬಿನ್ಸನ್‌ಗಿಂತ ಮೊದಲು ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಲ್ಲಿ ನ್ಗಾಯಿ ತಾಹು ಎಂಬ ಪಂಗಡದವರದು. ಅವರಿಂದ ಪುಡಿಗಾಸಿಗೆ ಪಡೆದ ನೆಲ. ಸರ್ಕಾರ ಅವರ ಕ್ಷಮೆ ಕೇಳಿ ಪರಿಹಾರ ಕೊಟ್ಟದ್ದು 1998ರಲ್ಲಿ.

ಈಗ ನಮ್ಮ ಕಡೆಗೆ ಬರೋಣ. ಚೆವಿಯಟ್‌ಗೆ ಹತ್ತಿರವಾದ ಕೆಲಸ ನಮ್ಮಲ್ಲಿ ಆಗಿದ್ದು ದೇವರಾಜ ಅರಸು ಕಾಲದಲ್ಲಿ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಗೇಣಿ ಜಮೀನು ಗೇಣಿದಾರರಿಗೇ ಬಂತು. ಅದು ಉಳ್ಳವರ ಕೈಯಿಂದ ಉಳುವವರ ಕೈಗೆ ಹೋದದ್ದು. ಗೋಮಾಳ ಹಾಗಲ್ಲ. ಅದು ಈಗಾಗಲೇ ಊರಿನ ಎಲ್ಲರಿಗೂ ಬೇಕಾದ ಜಾಗ, ಜಾಸ್ತಿ ಬೇಕಾಗಿರುವುದು ಜಮೀನಿಲ್ಲದವರಿಗೇ. ಹೊಲ ಇದ್ದವನು ಬದುವಿನಲ್ಲಿ ಹುಲ್ಲು ಕೊಯ್ಯುತ್ತಾನೆ. ಹೊಲ ಇಲ್ಲದವಳು ತನ್ನ ಹಸುವನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು ಹೇಳಿ? ಅಲ್ಲಿನವರಿಗೆ ತಣ್ಣನೆ ಹಡಗು ಹೇಗೋ ನಮ್ಮ ಹಳ್ಳಿಗೆ ಹಾಲಿನ ಡೈರಿ ಹಾಗೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಕುವ ಹಾಲಿನಿಂದಲೇ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟುತ್ತಾರೆ. ಗೋಮಾಳ ತುಂಡು ಮಾಡಿದರೆ ನಾಲ್ಕು ಮನೆಗೆ ಹೊಲ ಸಿಗಬಹುದು. ಉಳಿದವರ ಹಸು ಹಟ್ಟಿಯಲ್ಲೇ ಕಟ್ಟಿಹಾಕಬೇಕಾಗುತ್ತದೆ, ಮೇವು ದುಡ್ಡು ಕೊಟ್ಟು ತರಬೇಕಾಗುತ್ತದೆ.

ನಿಯಮವೂ ಇದೆ. ಕರ್ನಾಟಕ ಭೂ ಕಂದಾಯ ನಿಯಮ 97ರ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಇರಬೇಕು. ಅದಕ್ಕಿಂತ ಹೆಚ್ಚು ಉಳಿದರೆ ಮಾತ್ರ ಮಂಜೂರಾತಿಯ ಮಾತು. ಬಗರ್ ಹುಕುಂ ಸಕ್ರಮಕ್ಕೆ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಉಳುವವರ ಹೆಸರಿಗೆ ಮಾಡಿಕೊಡುವುದಕ್ಕೆ, ಇನ್ನೊಂದು ಅಡ್ಡಿಯಿದೆ: ಬೆಂಗಳೂರು ನಗರದ ಗಡಿಯಿಂದ 18 ಕಿಲೋಮೀಟರ್ ಒಳಗಿನ ಜಮೀನು ಅದಕ್ಕೆ ಬರುವುದಿಲ್ಲ. ನಿಮ್ಮೂರು ಎಷ್ಟು ದೂರ ಅಂತ ಮೊದಲು ನೋಡಿ.

ಬೆಂಗಳೂರಿನ ಮಗ್ಗುಲಲ್ಲಿ ನನಗೆ ಮತ್ತೊಂದು ಭಯ. ಮಂಜೂರಾದ ಜಮೀನು ಸಾಲ, ಮದುವೆ, ಆಸ್ಪತ್ರೆ ಅಂತ ಬೇಗ ಕೈ ತಪ್ಪುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಉಳಿಸಲು 1978ರ ಕಾಯ್ದೆ ಇದೆ. ಆದರೆ ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಇವತ್ತು ರಾಗಿ ಬಿತ್ತಿದ ಹೊಲದಲ್ಲಿ ನಾಳೆ ಸೈಟಿನ ಕಲ್ಲು ನೆಟ್ಟಿರುತ್ತಾರೆ.

ಹಾಗಾಗಿ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಗೋಮಾಳದ ಸರ್ವೆ ನಂಬರಿನ ಪಹಣಿ ತೆಗೆಸಿ, ಪಶು ಆಸ್ಪತ್ರೆಯಿಂದ ಊರಿನ ಜಾನುವಾರು ಲೆಕ್ಕ ಕೇಳಿ, ಎರಡನ್ನೂ ಹೋಲಿಸಿ. ಗೋಮಾಳ ಲೆಕ್ಕಕ್ಕಿಂತ ಕಡಿಮೆ ಇದ್ದರೆ ಒತ್ತುವರಿ ಬಿಡಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಿ. ನಿಜವಾಗಿ ಹೆಚ್ಚು ಉಳಿದಿದ್ದರೆ ಜಮೀನಿಲ್ಲದ ಮನೆಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿಸಿ, ದರಖಾಸ್ತು, ಅಂದರೆ ಜಮೀನು ಮಂಜೂರಿಗೆ ಅರ್ಜಿ, ಹಾಕಿಸಿ. ಹಸು ಕಟ್ಟಿಕೊಂಡಿರುವ ಹೆಂಗಸರು ಆ ಸಭೆಗೆ ಬರಲೇಬೇಕು.