ರಾಮಪತ್ರೆ ಜಡ್ಡಿಯ ಮರಗಳ ಬೇರು ನೆಲದಿಂದ ಮೇಲೆ ಎದ್ದಿರುವುದು ಯಾಕೆ?

ಉಸಿರಾಡೋಕೆ. ರಾಮಪತ್ರೆ ಅಂದರೆ ಜಾಯಿಕಾಯಿ ಕುಟುಂಬದ ಕಾಡುಮರ, ಜಡ್ಡಿ ಅಂದರೆ ಪಶ್ಚಿಮ ಘಟ್ಟದ ಕಾಡಿನೊಳಗಿನ ಜವುಗು ನೆಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ನೋಡಬಹುದು.

ಬೇರಿಗೂ ಆಮ್ಲಜನಕ ಬೇಕು. ಸಾಮಾನ್ಯವಾಗಿ ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯೇ ಸಾಕಾಗುತ್ತದೆ. ಜಡ್ಡಿಯಲ್ಲಿ ಆ ಸಂದಿಗಳಲ್ಲೆಲ್ಲ ನೀರು. ನೀರಿನೊಳಗೆ ಆಮ್ಲಜನಕ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಬಸಿಗಾಲುವೆ ಮುಚ್ಚಿಹೋಗಿ ನೀರು ನಿಂತರೆ ಅಡಿಕೆ ಮರ ಹಳದಿಯಾಗುತ್ತದಲ್ವಾ, ಅದೇ ಕಷ್ಟ.

ಅದಕ್ಕೇ ಇಲ್ಲಿ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಆ ಮೊಣಕಾಲಿನ ತೊಗಟೆಯಲ್ಲಿ ಪುಟ್ಟ ರಂಧ್ರಗಳಿವೆ. ಗಾಳಿ ಅಲ್ಲಿಂದ ಹೊಕ್ಕು ಕೆಳಗಿನ ಬೇರು ಸೇರುತ್ತದೆ. ಇದೇ ಕುಟುಂಬದ ಇನ್ನೊಂದು ಮರ ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ಇಳಿಸುತ್ತದೆ. ಮೆದು ಕೆಸರಲ್ಲಿ ಬೀಳದೆ ನಿಲ್ಲೋಕೂ ಅವು ಬೇಕು.

ಇಷ್ಟೆಲ್ಲ ಏರ್ಪಾಡು ನೀರು ನಿಂತರೆ ಮಾತ್ರ ಉಪಯೋಗ. ನೀರು ಬಸಿದು ಹೋದರೆ ಬೇರೆ ಕಾಡುಮರಗಳು ಬಂದು ಜಾಗ ಹಿಡಿಯುತ್ತವೆ. ಬೇಸಿಗೆಯಲ್ಲೂ ನೀರು ಸಿಗುವ ಜಾಗ ಅಂತ ಎಷ್ಟೋ ಜಡ್ಡಿಗಳು ಆಗಲೇ ಗದ್ದೆ, ತೋಟ ಆಗಿಹೋಗಿವೆ.